ಸೂರ್ಯನ ಕಬ್ಬಿಣ, ಚಿಗವ್ವನ ಕಬ್ಬಿಣ

ಇಸವಿ ತಪ್ಪಿರಬಹುದು, ಮಾತುಗಳು ಹಿಂದುಮುಂದಾಗಿರಬಹುದು; ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಬೈಲಹೊಂಗಲದ ನಮ್ಮ ಕಾಕಾ ಬೀಗರಿಗಿಂತ ಸೂರ್ಯನ ಯೋಗಕ್ಷೇಮವನ್ನೇ ಹೆಚ್ಚು ವಿಚಾರಿಸುತ್ತಿದ್ದರು ಎಂಬುದಕ್ಕೆ ಇಡೀ ಓಣಿಯೇ ಸಾಕ್ಷಿ!

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಎರಡು ಸಾವಿರದ ಆಚೀಚೆ ಊರಿಗೆ ಇಂಟರ್ನೆಟ್ ಅಂಗಡಿ ಬಂತು. ಹುಡುಗರು ತಮ್ಮ ರಿಸಲ್ಟ್ ನೋಡಲು ಹೋದರೆ, ಕಾಕಾ ಸೂರ್ಯನದು ನೋಡಲು ಹೋಗುವರು!

"ಬರ್ರಿ ಮಾಸ್ತರ, ಇವತ್ತರ ಪಾಸಾದನೇನ್ರಿ ನಿಮ್ಮಾಂವ?" ಎಂದು ಅಂಗಡಿಯ ಸಾಹೇಬರು ಕೇಳುವರು.

ಸೂರ್ಯ ಸಿಡಿದಾಗ ಹಾರಿಬರುವ ಕಬ್ಬಿಣ ಮೊದಲಾದ ಕಣಗಳ ಲೆಕ್ಕವನ್ನು ಉಪಗ್ರಹಗಳು ಕಳಿಸುತ್ತವಲ್ಲ, ಅದನ್ನು ನೋಟ್‌ಬುಕ್ಕಿಗಿಳಿಸಿ ಕಾಕಾ ಗೆರೆ ಎಳೆಯುತ್ತಿದ್ದರು. ನನಗೆ ತಿಳಿಸಲು ಒಮ್ಮೆ ಚೂಡಾ ಡಬ್ಬಿಯನ್ನೇ ತಂದರು.

"ನೋಡವಾ, ಮೊದಲಿಗೆ ಬರೋದ್ರಾಗ ಕಬ್ಬಿಣ ಜಾಸ್ತಿ, ಈ ಸೇಂಗಾ ಇದ್ದಂಗ. ತಾಸು ಹೋದಂಗ ಕಬ್ಬಿಣ ಕಡಿಮಿ, ಬರೇ ಚುರುಮುರಿ! ಒಮ್ಮೆ ಇಳದ್ರ ಆ ಸಿಡಿತದಾಗ ಮತ್ತ ಏರಂಗಿಲ್ಲ."

ಪ್ರಯೋಗ ಮುಗಿಯುವಷ್ಟರಲ್ಲಿ ಸೇಂಗಾ ಅಷ್ಟೂ ವಿಜ್ಞಾನಿಯ ಹೊಟ್ಟೆ ಸೇರಿತ್ತು.

"ಸೂರ್ಯನಾಗ ಎಷ್ಟ ಕಬ್ಬಿಣ ಐತಿ ಅಂತ ಗೊತ್ತೈತಿ, ಮನ್ಯಾಗ ಉಪ್ಪ ತೀರಿ ಎರಡ ದಿನಾ ಆತು, ಗೊತ್ತಿಲ್ಲ!" ಎಂದಳು ಅವರ ಹೆಂಡತಿ, ನನ್ನ ಚಿಗವ್ವ.

ಅದೇ ಚಿಗವ್ವ ಒಂದು ದಿನ ಸವದತ್ತಿಯ ಬೀಗರ ಮನೆಯ ಮೂರು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ರಕ್ತ ತಪಾಸಣೆಯಲ್ಲಿ ಕಬ್ಬಿಣ ಕಡಿಮೆ ಎಂದು ಬಂತು. ತಡಮಾಡದೆ ಬೆಳಗಾವಿಗೆ ಕರೆದೊಯ್ಯಿರಿ ಎಂದರು ಡಾಕ್ಟರು. ಕಾಕಾ ಮನೆಗೆ ಬಂದು ನೋಟ್‌ಬುಕ್ ತೆಗೆದರು!

"ಸೂರ್ಯಾನರ ಎಷ್ಟ ದಿನಾ ಸಿಡೀತಾನ? ತಾನ ತಣ್ಣಗಾಗತಾನ. ಗುಳಿಗಿ ತಗೋ, ನಾಕ ವಾರ ನೋಡೂಣು."

"ನಾನೇನ ಸೂರ್ಯ ಏನ್ರಿ?" ಎಂದು ಚಿಗವ್ವ ನಕ್ಕಳು. ನಾವೂ ನಕ್ಕೆವು. ಜಗಳ ಮಾಡಬೇಕಿತ್ತು. ನಗುವೊಂದೇ ನೆನಪಿದೆ, ಯಾರಾದರೂ ಒಮ್ಮೆ ಗದರಿದರೋ ಇಲ್ಲವೋ, ನೆನಪಿಲ್ಲ.

ಒಳಗೆಲ್ಲೋ ರಕ್ತ ಸೋರುತ್ತಿತ್ತಂತೆ. ಬೆಳಗಾವಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು.

ಎಲ್ಲ ಮುಗಿದ ಮೇಲೆ ಆ ನೋಟ್‌ಬುಕ್ ಬಿಚ್ಚಿದೆ. ಎಡಪುಟದಲ್ಲಿ ಸೂರ್ಯನ ಕಬ್ಬಿಣ, ಇಳಿಯುತ್ತ ಹೋದ ಗೆರೆ. ಬಲಪುಟದಲ್ಲಿ ಚಿಗವ್ವನದು, ವಾರವಾರದ ರಕ್ತ ತಪಾಸಣೆಯಲ್ಲೂ ಇಳಿದದ್ದು. ಆದರೆ ಕೊನೆಯ ಗುರುತಿನಿಂದಾಚೆ ಕಾಕಾ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಡುತ್ತ ಇಡುತ್ತ, ಗೆರೆಯನ್ನು ಹಾಳೆಯ ತುದಿಯವರೆಗೂ ಮೇಲಕ್ಕೇರಿಸಿದ್ದರು.

ಕಾಕಾ ಎದುರಿಗೇ ಕುಳಿತು, ತಟ್ಟೆಯಲ್ಲಿದ್ದ ಚೂಡಾದಿಂದ ಸೇಂಗಾ ಆರಿಸಿ ಬದಿಗಿಡುತ್ತಿದ್ದರು. ಒಂದನ್ನೂ ತಿನ್ನಲಿಲ್ಲ.

"ಕಾಕಾ, ಇಳಿದದ್ದು ಏರಂಗಿಲ್ಲಂತ ನೀವ ಹೇಳಿದ್ರಲ್ಲ. ಮತ್ತ ಇದನ್ನ ಖರೇನ ನಂಬಿದ್ರೋ, ಬೆಳಗಾವಿಗೆ ಹೋಗಾಕ ಅಂಜಿದ್ರೋ?"