ಟಿನ್‌ಕಪ್ ಕೆರೆಯ ಟ್ರೌಟ್ ಮೀನು ಮಹಾಶಯರು ದಡಕ್ಕೆ ಬಂದು ಸಾಕ್ಷಿ ನುಡಿಯಬೇಕಾಗಿ ವಿನಂತಿ

ಮಾನ್ಯರೇ,

ತಮ್ಮ ತಣ್ಣನೆಯ ನಿವಾಸ, ತಮ್ಮ ಜೀರ್ಣಶಕ್ತಿ ಮತ್ತು ವಿಶೇಷವಾಗಿ ತಮ್ಮ ಮೇಲ್ದುಟಿ ಕ್ಷೇಮವಾಗಿವೆಯೆಂದು ನಂಬಿ, ತಮ್ಮ ಮೇಲೆ ಬಹಿರಂಗವಾಗಿ ದೂರು ಹೇಳುವ ಧೈರ್ಯ ಮಾಡುತ್ತಿದ್ದೇನೆ. ಈ ವಾರವಿಡೀ ಹಸಿರು ದೋಣಿಯಲ್ಲಿ ಕೂತು ತಮ್ಮ ತಲೆಯ ಮೇಲೆ ಗಾಣದೆತ್ತಿನಂತೆ ಸುತ್ತುತ್ತಿದ್ದ ದಂತವೈದ್ಯ ನಾನೇ. ಕಂಡವರ ಬಾಯಿಗೆ ಕೈಹಾಕಿಯೇ ಸಂಸಾರ ಸಾಗಿಸಿದ ನನಗೆ ತಮ್ಮದೊಂದು ಬಾಯಿ ದಕ್ಕಲಿಲ್ಲ.

ದೋಣಿ ನನ್ನ ಅತ್ತೆಯವರದು. ಅವರು ತೀರಿಕೊಂಡ ಮೇಲೆ ಅದು ಮಾವನ ಮನೆಯ ಮುಂದೆ, ಕೆರೆಯ ದಡದಲ್ಲಿ ಬೋರಲು ಬಿದ್ದಿತ್ತು. ಪಕ್ಕದ ಮನೆಯ ಲೈಲ್ ಅದನ್ನು ತನ್ನ ಅಂಗಳಕ್ಕೆ ಒಯ್ದು, ಮಣ್ಣು ತುಂಬಿ, ಜೆರೇನಿಯಂ ಹೂ ನೆಡುತ್ತೇನೆಂದು ಕೇಳಿದ. ನಮ್ಮ ಕಡೆ ನೀರು ಬಿಟ್ಟ ದೋಣಿಗಳಿಗೆಲ್ಲ ಅದೇ ಗತಿ. ರಜೆಗೆಂದು ಬಂದಿದ್ದ ನನ್ನ ಹೆಂಡತಿ ರೋವೀನಾ ಅಮ್ಮನ ದೋಣಿಯನ್ನು ಹೂಕುಂಡ ಮಾಡುತ್ತಾರೆಂದು ಕೇಳಿ ಅಳತೊಡಗಿದಳು. ಮಾವ ಆಂಬ್ರೋಸ್, "ಮೀನು ಹಿಡಿಯೋರೇ ಇಲ್ದ ಮೇಲೆ ದೋಣಿ ಯಾಕಮ್ಮಾ? ನಿನ್ನ ಗಂಡ ಭಾನುವಾರದೊಳಗೆ ಒಂದು ಟ್ರೌಟ್ ತರ್ಲಿ, ದೋಣಿ ಇಲ್ಲೇ ಇರುತ್ತೆ" ಎಂದರು. ಜನ್ಮದಲ್ಲಿ ಗಾಳ ಮುಟ್ಟದ ನಾನು, "ಅಷ್ಟೇ ತಾನೇ ಮಾವ?" ಎಂದುಬಿಟ್ಟೆ.

ಚಿಕ್ಕ ಕೆರೆಯಲ್ಲಿ ದೋಣಿಯ ಹಿಂದೆ ದಾರ ಎಳೆದುಕೊಂಡು ಹೋಗುವುದಕ್ಕೆ ಯಾವ ಮಹಾ ವಿದ್ಯೆ ಬೇಕು ಎಂದುಕೊಂಡಿದ್ದೆ. ದಾರಕ್ಕೆ ಮೀನಿನ ಕಣ್ಣು ಸೆಳೆಯಲು ಹೊಳೆಯುವ ತಗಡಿನ ಎಲೆಗಳ ಸರ, ಅದರ ಹಿಂದೆ ಗಾಳ, ಗಾಳಕ್ಕೊಂದು ಎರೆಹುಳು. ಇಷ್ಟನ್ನು ಕಟ್ಟಿ, ಯಾರೋ ಅಟ್ಟಿಸಿಕೊಂಡು ಬಂದಂತೆ ನಾನು ಹುಟ್ಟು ಹಾಕಿದ ರಭಸಕ್ಕೆ ಎರೆಹುಳು ನೀರೊಳಗೆ ಇಳಿಯಲೇ ಇಲ್ಲ. ಹಿಂದೆ ಕೂತಿದ್ದ ರೋವೀನಾ, "ರೀ, ಸ್ವಲ್ಪ ನಿಧಾನ! ಮೀನಿಗೆ ಬಡಿಸ್ತಿದ್ದೀರೋ, ತಟ್ಟೆ ಹಿಡ್ಕೊಂಡು ಓಡಿ ಹೋಗ್ತಿದ್ದೀರೋ?" ಎಂದಳು. ನಿಧಾನಿಸಿದರೆ ಗಾಳ ತಳ ಸೇರಿತು. ಗಾಳದ ಕೋಲು ಬಾಗಿತು, ನಾನು ಊರಿಗೆಲ್ಲ ಕೇಳುವಂತೆ "ಬಿತ್ತು! ಬಿತ್ತು!" ಎಂದು ಕೂಗಿದೆ, ಎಳೆದರೆ ಬಂದದ್ದು ಒಂದು ಬುಟ್ಟಿ ನೀರುಗಿಡ. ಲೈಲ್ ದಡದಿಂದಲೇ, "ಡಾಕ್ಟ್ರೇ, ಸೊಪ್ಪಾಯ್ತು, ಇನ್ನು ಮೀನೊಂದೇ ಬಾಕಿ!" ಎಂದು ಹರಸಿದ.

ಈ ಅವಧಿಯಲ್ಲಿ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಇಂದು, ಭಾನುವಾರ ಮಧ್ಯಾಹ್ನ, ಅಂಗೈಯ ಬೊಬ್ಬೆಗಳು ಒಡೆದು, "ನನ್ನ ಕೈಲಾಗಲ್ಲ ಕಣೇ" ಎಂದು ನಾನು ಹುಟ್ಟು ಕೆಳಗಿಟ್ಟು ಕೂತಾಗ, ದೋಣಿ ನಿಂತು, ಎರೆಹುಳು ಮೆಲ್ಲನೆ ಮುಳುಗತೊಡಗಿದಾಗ, ತಾವು ದಯಮಾಡಿಸಿದಿರಿ! ಬೆವರು ಸುರಿಸಿ ಕರೆದಾಗ ತಿರುಗಿಯೂ ನೋಡದವರು ನನ್ನ ಸೋಮಾರಿತನಕ್ಕೆ ಮನಸೋತಿರಿ. ಗಾಳಕ್ಕೆ ತುಟಿ ಕೊಟ್ಟು, ನಾನು ದಾರ ಎಳೆದಂತೆಲ್ಲ ಮೈಮೇಲಿನ ಗುಲಾಬಿ ಪಟ್ಟೆ ಕಾಣುವಷ್ಟು ಹತ್ತಿರ ಬಂದಿರಿ. ಗಾಳಕ್ಕೆ ಸಿಕ್ಕ ಮೀನನ್ನು ಎತ್ತುವ ಹಿಡಿಕೆಯ ಬಲೆಯನ್ನು ನೀರೊಳಗೆ ಸುಮ್ಮನೆ ಹಿಡಿದು ಮೀನನ್ನು ತಲೆಕಡೆಯಿಂದ ಬರಮಾಡಿಕೊಳ್ಳಬೇಕೆಂದು ಇಲ್ಲಿನ ಕೂಸಿಗೂ ಗೊತ್ತು. ನಾನು ನೊಣ ಹೊಡೆಯುವವನಂತೆ ಬಾಲದ ಕಡೆಯಿಂದ ಬೀಸಿದೆ. ಬಲೆಯ ಅಂಚಿನ ಕಟ್ಟು ತಮಗೆ ಬಡಿಯಿತು, ಗಾಳ ಕಳಚಿತು, ತಾವು ನನ್ನ ಕನ್ನಡಕಕ್ಕೆ ನೀರೆರಚಿ ಹೊರಟುಹೋದಿರಿ. ರೋವೀನಾ ದೋಣಿಯ ಅಂಚನ್ನು ಸವರುತ್ತ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಿಜವಾಗಿಯೂ ಅಳು ಬಂತು ಮಹಾಶಯರೇ.

ಆದಕಾರಣ, ಸಂಜೆ ಲೈಲ್ ದೋಣಿ ಒಯ್ಯಲು ಗಾಡಿ ತರುವ ಮೊದಲು ತಾವು ಖುದ್ದಾಗಿ ದಡಕ್ಕೆ ಬಂದು, ಮಾವನವರ ಮುಂದೆ ಬಾಯಿ ಅಗಲಿಸಿ, ತುಟಿಯ ಗಾಯವನ್ನು ತೋರಿಸಬೇಕಾಗಿ ಕೋರುತ್ತೇನೆ. ಬಿಡುವಿಲ್ಲದಿದ್ದರೆ ಕೈಲಾಗದ ಭಾವಮೈದುನರೊಬ್ಬರನ್ನಾದರೂ ಕಳಿಸಿಕೊಡಿ. ಬಾಣಲೆಯ ವಿಷಯ ಅವರಿಗೆ ಈಗಲೇ ಹೇಳಬೇಡಿ. ಪ್ರತಿಯಾಗಿ ತಮ್ಮ ಇಡೀ ಕುಟುಂಬದ ಹಲ್ಲುಗಳನ್ನು ಜೀವನಪರ್ಯಂತ ಉಚಿತವಾಗಿ ನೋಡಿಕೊಡುತ್ತೇನೆ.

ಉಣಿಸಲು ಹೋಗಿ ಹೊಡೆದು ಕಳಿಸಿದ,
ತಮ್ಮ ವಿಶ್ವಾಸಿ
ಡಾ. ಡೆಸ್ಮಂಡ್ ಪೆಟಿಗ್ರೂ

ಮರೆತ ಮಾತು: ತಾವು ಬರಲಿಲ್ಲ, ಲೈಲ್ ಗಾಡಿಸಮೇತ ಬಂದ. ಮೀನು ಹೇಗೆ ತಪ್ಪಿತೆಂದು ಮಾವ ಕೇಳಿದರು. ನಾನು ಬಲೆ ಬೀಸಿ ತೋರಿಸಿದೆ. ಅವರು ನಗತೊಡಗಿದವರು ನಿಲ್ಲಿಸಲೇ ಇಲ್ಲ, ಕೊನೆಗೆ ಕಣ್ಣೊರೆಸಿಕೊಂಡು, "ನಿಮ್ಮತ್ತೆನೂ ಮೊದಲ್ನೇ ಮೀನನ್ನ ಹಿಂಗೇ ಹೊಡೆದು ಓಡಿಸಿದ್ಲು ಕಣಯ್ಯ, ಇದೇ ದೋಣೀಲಿ! ನಾನು ನಕ್ಕೆ ಅಂತ ಮನೆಗೆ ಬರೋವರೆಗೂ ಮಾತಾಡ್ಲಿಲ್ಲ. ಲೈಲ್, ನಿನ್ನ ಹೂವ ಬಕೆಟ್‌ನಲ್ಲಿ ನೆಡಪ್ಪ" ಎಂದರು. ಅತ್ತೆ ಹೋದಮೇಲೆ ದೋಣಿ ಹತ್ತದ ಮನುಷ್ಯ ಈಗ ಅದರ ಸೀಟು ಒರೆಸುತ್ತಿದ್ದಾರೆ. ನಾಳೆ ಬೆಳಿಗ್ಗೆ ನಾವು ಮೂವರೂ ಬರುತ್ತೇವೆ. ಬಲೆ ಅವರ ಕೈಯಲ್ಲಿರುತ್ತದೆ; ತಾವು ಇನ್ನು ನನ್ನ ಕೈ ತಪ್ಪುತ್ತದೆಂಬ ನಂಬಿಕೆಯ ಮೇಲೆ ಊಟಕ್ಕೆ ಕೂರಬೇಡಿ.