ವಿಳಾಸವು ಖುದ್ದಾಗಿ ಬ್ಯಾಂಕಿಗೆ ಬರುವುದನ್ನು ನಿರ್ಬಂಧಿಸುವ ಬಗ್ಗೆ

ಗ್ರಾಹಕರ ಸಾಲು, ಕುರ್ಚಿ ಮತ್ತು ಟೋಕನ್ ನಿರ್ವಹಣಾ ವಿಭಾಗ
ಮಾಂಗೆರೆ ಶಾಖೆ, ಆಕ್ಲೆಂಡ್

ಸಂಖ್ಯೆ: ಸಾ.ಕು.ಟೋ/ವಿಳಾಸ/ಜೀವಂತ/11/ಮಗು ಸೇರಿ
ದಿನಾಂಕ: ಮಾರ್ಚ್ 2, ಸೋಮವಾರ

ವಿಷಯ: ಹೊರದೇಶದ ವಿದ್ಯಾರ್ಥಿಗಳು ಖಾತೆ ತೆರೆಯುವಾಗ ವಿಳಾಸದ ಪುರಾವೆಯನ್ನು ಕಾಗದದ ರೂಪದಲ್ಲಿ ತರದೆ ಜನರ ರೂಪದಲ್ಲಿ ತರುವ ಕುರಿತು.

ಉಲ್ಲೇಖ: (1) ಕೌಂಟರ್ ಮೂರರ ಶ್ರೀಮತಿ ನೋಲೀನ್ ಅವರ ಮೌಖಿಕ ದೂರು, ಕಳೆದ ಸೋಮವಾರ ಬೆಳಿಗ್ಗೆ 11.20.
(2) ಸದರಿ ದೂರನ್ನು ಅವರೇ ಬಾಯಿ ತುಂಬಿಕೊಂಡು ಹಿಂಪಡೆದದ್ದು, ಅದೇ ದಿನ 12.40.

ಪ್ರಸ್ತಾವನೆ:

ಟೋಂಗಾದ ಎವುಆ ದ್ವೀಪದಿಂದ ನರ್ಸಿಂಗ್ ಓದಲು ಬಂದ ಕುಮಾರಿ ಮೆಲೆನಾಯ್ತೆ ಫಿಫಿತಾ ಅವರು ಕಳೆದ ಸೋಮವಾರ ಖಾತೆ ತೆರೆಯಲು ಶಾಖೆಗೆ ಬಂದಿರುತ್ತಾರೆ. ಶುಕ್ರವಾರ ಸಂಜೆ ನಾಲ್ಕರೊಳಗೆ ಖಾತೆ ಸಂಖ್ಯೆ ಕಾಲೇಜಿಗೆ ತಲುಪದಿದ್ದರೆ ವಿದ್ಯಾರ್ಥಿವೇತನವೂ ಇಲ್ಲ, ಸೀಟೂ ಇಲ್ಲ, ಸಿಕ್ಕ ವಿಮಾನಕ್ಕೆ ಊರಿಗೆ ವಾಪಸ್ ಎಂಬುದು ಸದರಿಯವರ ಪರಿಸ್ಥಿತಿ. ನೋಲೀನ್ ಅವರು ನಿಯಮದಂತೆ ವಿಳಾಸದ ಪುರಾವೆ ಕೇಳಿದ್ದಾರೆ. ಹುಡುಗಿ ಇರುವುದು ಸೋದರತ್ತೆ ಕಲೊಲೈನೆ ಅವರ ಮನೆಯಲ್ಲಿ. ಆ ಮನೆಯ ಕರೆಂಟ್ ಬಿಲ್ಲು ಚರ್ಚಿನ ಹೆಸರಿನಲ್ಲಿದೆ. ನೀರಿನ ಬಿಲ್ಲು ಆರು ವರ್ಷದ ಹಿಂದೆ ಊರಿಗೆ ಹೋಗಿ ಅಲ್ಲೇ ಉಳಿದ ಅತ್ತೆಯ ಭಾವನ ಹೆಸರಿನಲ್ಲಿದೆ. ಹುಡುಗಿಯ ಹೆಸರಿನಲ್ಲಿರುವುದು ಒಂದು ಹಾಸಿಗೆ, ಅದರಲ್ಲೂ ಅರ್ಧ.

ಮುಕ್ಕಾಲು ಗಂಟೆಯ ನಂತರ ಸದರಿಯವರು ಮರಳಿ ಬಂದು ಪುರಾವೆ ಹಾಜರುಪಡಿಸಿದ್ದಾರೆ. ಪುರಾವೆಯು ಎರಡು ವ್ಯಾನುಗಳಲ್ಲಿ ಬಂದಿತ್ತು. ಮನೆಯ ಹನ್ನೊಂದು ಜನ, ದೊಡ್ಡವರ ಮುಂದೆ ಹೋಗುವಾಗಿನ ತಮ್ಮ ಪದ್ಧತಿಯಂತೆ ಸೊಂಟಕ್ಕೆ ಸಮಾರಂಭದ ಚಾಪೆ ಸುತ್ತಿಕೊಂಡು, ಸೋದರತ್ತೆಯನ್ನು ಮುಂದಿಟ್ಟುಕೊಂಡು. ಅವರ ಕಡೆ ಅಪ್ಪನ ಅಕ್ಕ ಒಂದು ಮಾತು ಹೇಳಿದ ಮೇಲೆ ಮೇಲ್ಮನವಿ ಇರುವುದಿಲ್ಲ. ಹೀಗಾಗಿ ಇದ್ದ ಪುರಾವೆಗಳಲ್ಲೇ ದೊಡ್ಡದನ್ನು ತಂದಿರುವುದಾಗಿ ಹುಡುಗಿ ಪ್ರಾಮಾಣಿಕವಾಗಿ ನಂಬಿದ್ದಳೆಂದು ವಿಚಾರಣೆಯಿಂದ ತಿಳಿದುಬಂದಿದೆ. ಆಗ ನಡೆದ ಮಾತನ್ನು ಕಡತದ ಸಲುವಾಗಿ ಇದ್ದ ಹಾಗೇ ಬರೆದುಕೊಳ್ಳಲಾಗಿದೆ:

ನೋಲೀನ್: "ಆಂಟಿ, ನಂಗೆ ಕಾಗದ ಬೇಕು. ನೀವು ಕಾಗದ ಅಲ್ಲ."

ಸೋದರತ್ತೆ: "ಕಾಗದಕ್ಕಿಂತ ಗಟ್ಟಿ ಇದ್ದೀನಿ ಮಗಳೇ. ಬೇಕಾದ್ರೆ ಜೆರಾಕ್ಸ್ ಮಾಡ್ಕೋ."

ನೋಲೀನ್: "ಇವ್ಳು ನಿಮ್ಮನೇಲೇ ಇದಾಳೆ ಅನ್ನೋದಕ್ಕೆ ಏನು ಗ್ಯಾರಂಟಿ?"

ಸೋದರತ್ತೆ: "ಬೆಳಿಗ್ಗೆ ಬಚ್ಚಲಿಗೆ ಹೋದ್ರೆ ಎಷ್ಟೊತ್ತಿಗೆ ಆಚೆ ಬರ್ತಾಳೆ ಅಂತ ಈ ಹತ್ತು ಜನಾನ ಕೇಳು. ಕಣ್ಣೀರು ಹಾಕ್ತಾರೆ."

ಮೆಲೆನಾಯ್ತೆ: "ಅತ್ತೆ, ಸಾಕು, ಹೋಗೋಣ."

ಈ ಅವಧಿಯಲ್ಲಿ ಹುಡುಗಿಯು ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದು, ನೆಲವು ಬಾಯಿ ಬಿಡಲಿಲ್ಲವೆಂದು ದಾಖಲಿಸಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ವಿಳಾಸ ಎಂದರೆ ಕಾಗದ. ಉಸಿರಾಡುವ ಯಾವುದನ್ನೂ ವಿಳಾಸವೆಂದು ಸ್ವೀಕರಿಸತಕ್ಕದ್ದಲ್ಲ.

2. ಆದಾಗ್ಯೂ ವಿಳಾಸ ಬಂದೇ ಬಿಟ್ಟಲ್ಲಿ, ಒಂದು ಸಲಕ್ಕೆ ಆರು ಜನಕ್ಕೆ ಮೀರದಷ್ಟನ್ನು ಒಳಬಿಡುವುದು. ಉಳಿದ ವಿಳಾಸ ವಾಹನ ನಿಲುಗಡೆಯಲ್ಲಿ ಕಾಯತಕ್ಕದ್ದು. ವಿಳಾಸದ ನಿದ್ದೆ ಮಾಡುತ್ತಿರುವ ಭಾಗವನ್ನು, ಅಂದರೆ ಎಂಟು ತಿಂಗಳ ಮಗುವನ್ನು, ನಾಣ್ಯದ ತಕ್ಕಡಿಯ ಮೇಲೆ ಮಲಗಿಸಬಾರದು. ತೂಕ ಚೆನ್ನಾಗಿದೆ ಎಂದು ಸಿಬ್ಬಂದಿ ಹೇಳಬಾರದು.

3. ಕಾಯುವಾಗ ಬೇಸರ ಕಳೆಯಲು ವಿಳಾಸವು ನಾಲ್ಕು ದನಿಗಳಲ್ಲಿ ಪ್ರಾರ್ಥನಾಗೀತೆ ಹಾಡಿದ್ದರಿಂದ, ಟೋಕನ್ 27ರ ಗ್ರಾಹಕರು ಸರದಿ ಬಂದರೂ ಏಳಲಿಲ್ಲ, 28 ಕೂಡ ಕೂತರು, 29 ದನಿಗೂಡಿಸಿದರು. ಇನ್ನು ಮುಂದೆ ಎರಡು ದನಿಗೆ ಮಾತ್ರ ಅನುಮತಿ. ಮಂದ್ರದವರು ಹೊರಗೆ.

4. ಎಲೆಯಲ್ಲಿ ಸುತ್ತಿ ಬೇಯಿಸಿದ ಯಾವುದೇ ಪದಾರ್ಥವನ್ನು ದಾಖಲೆಯಾಗಿ ಪಡೆಯಬಾರದು. ಕೆಸುವಿನೆಲೆ, ಮಾಂಸ, ತೆಂಗಿನಹಾಲಿನ ಒಂದು ಪೊಟ್ಟಣದ ಮೇಲೆ "ಸ್ವೀಕರಿಸಲಾಗಿದೆ" ಎಂಬ ಮೊಹರು ಬಿದ್ದಿರುತ್ತದೆ. ತಿಂದವರು ಯಾರೆಂದು ತನಿಖೆ ನಡೆದಿದೆ. ತನಿಖಾಧಿಕಾರಿಗಳೇ ತಿಂದಿರುವುದರಿಂದ ವರದಿ ತಡವಾಗುತ್ತಿದೆ.

5. ಸೋದರತ್ತೆಗೆ ವ್ಯವಸ್ಥಾಪಕರ ಕುರ್ಚಿ ಕೊಡುವಂತಿಲ್ಲ. ಕೊಡದಿದ್ದರೂ ಅವರು ಕೂರುತ್ತಾರೆ. ಆಗ ವ್ಯವಸ್ಥಾಪಕರು ನಿಂತಿರುವುದು. ಎಷ್ಟು ಹೊತ್ತು ಎಂಬುದನ್ನು ಸೋದರತ್ತೆ ನಿರ್ಧರಿಸುತ್ತಾರೆ.

6. ವ್ಯವಸ್ಥಾಪಕರಾದ ಶ್ರೀ ಗ್ರೇಮ್ ಅವರು, ನಿಂತುಕೊಂಡೇ, ಅರ್ಜಿಯನ್ನು ತಿರಸ್ಕರಿಸಿ, ತಿರಸ್ಕಾರವನ್ನೂ ನಿಯಮದಂತೆ ಅಂಚೆಯಲ್ಲೇ ಕಳಿಸಿದ್ದಾರೆ. ಆ ಪತ್ರ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಮನೆಯ ಅಂಚೆಡಬ್ಬಕ್ಕೆ ಬಿದ್ದಿದೆ. ಮನೆಮಂದಿ ಓದಿ ಅತ್ತಿದ್ದಾರೆ. ಸೋದರತ್ತೆ ಅಟ್ಟದಿಂದ ಹುಡುಗಿಯ ಪೆಟ್ಟಿಗೆ ಇಳಿಸಲು ಹೇಳಿದ್ದಾರೆ. ಹುಡುಗಿ ಮಾತ್ರ ಅಳು ಅರ್ಧಕ್ಕೇ ನಿಲ್ಲಿಸಿ ಲಕೋಟೆಯನ್ನು ತಿರುಗಿಸಿ ನೋಡಿದ್ದಾಳೆ. ಮೇಲೆ ಅವಳ ಪೂರ್ತಿ ಹೆಸರು, ಮನೆ ನಂಬರು, ಬೀದಿ, ಬ್ಯಾಂಕಿನ ಮುದ್ರೆ, ದಿನಾಂಕ. ಶಾಖೆಯೇ ಅವಳಿಗೆ ಕೊಟ್ಟ ಪಟ್ಟಿಯಲ್ಲಿ, ಯಾವ ಯಾವ ಕಾಗದ ನಡೆಯುತ್ತದೆ ಎಂಬಲ್ಲಿ, ಕೊನೆಗೆ ಹೀಗಿದೆ: ಮೂರು ತಿಂಗಳೊಳಗೆ ಯಾವುದೇ ಬ್ಯಾಂಕು ಅರ್ಜಿದಾರರ ಮನೆಗೆ ಕಳಿಸಿದ ಪತ್ರ. 3.20ಕ್ಕೆ ಅವಳು ಕೌಂಟರ್ ಮೂರರ ಮುಂದೆ ಒಬ್ಬಳೇ ನಿಂತಿದ್ದಳು. ಈ ಸಲ ಕಾಲ್ಬೆರಳು ನೋಡುತ್ತಿರಲಿಲ್ಲ.

"ಇದು ಯಾವ ಬ್ಯಾಂಕಿನ ಪತ್ರ ಮೇಡಂ?"

"ನಮ್ದೇ," ಎಂದಿದ್ದಾರೆ ನೋಲೀನ್.

"ಯಾರ ಮನೆಗೆ ಕಳ್ಸಿದ್ದು?"

"ನಿನ್ನ ಮನೆಗೆ."

"ಬಂದು ಸೇರ್ತು."

ಅಷ್ಟರಲ್ಲಿ ಗ್ರೇಮ್ ಅವರು ಬಂದು, "ನಿಂಗೆ ವಿಳಾಸದ ಪುರಾವೆ ಇಲ್ಲ ಅಂತಲೇ ಅದ್ರಲ್ಲಿ ಬರ್ದಿದೀನಲ್ಲಮ್ಮ," ಎಂದು ಆಕ್ಷೇಪಿಸಿದ್ದಾರೆ.

"ಅದು ಒಳಗೆ ಸಾರ್. ಹೊರಗೆ ಎಲ್ಲಾ ಸರಿಯಾಗೇ ಬರ್ದಿದೀರ."

ನಿಯಮಾವಳಿಯನ್ನು ಎರಡು ಬಾರಿ ಪರಿಶೀಲಿಸಲಾಗಿ, ಅಂತಹ ಪತ್ರದ ಒಳಗನ್ನು ಓದಬೇಕೆಂದು ಎಲ್ಲಿಯೂ ಹೇಳಿರುವುದಿಲ್ಲ. 3.52ಕ್ಕೆ ಖಾತೆ ತೆರೆಯಲಾಗಿದೆ. 3.57ಕ್ಕೆ ಸಂಖ್ಯೆಯು ಕಾಲೇಜಿಗೆ ತಲುಪಿ, ಸೀಟು ಖಾಯಂ ಆಗಿದೆ. ನೋಲೀನ್ ಅವರು ಕಣ್ಣಿಗೆ ಧೂಳು ಬಿತ್ತೆಂದು ಹತ್ತು ನಿಮಿಷ ಕೌಂಟರ್ ಮುಚ್ಚಿದ್ದು, ಆ ಧೂಳಿನ ಬಗ್ಗೆ ಸ್ವಚ್ಛತಾ ವಿಭಾಗದಿಂದ ವಿವರಣೆ ಕೇಳಲಾಗಿದೆ.

7. ಆದುದರಿಂದ, ಇನ್ನು ಮುಂದೆ ಹೊರದೇಶದ ಯಾವ ವಿದ್ಯಾರ್ಥಿ ಬಂದರೂ ಮೊದಲ ದಿನವೇ, ಊಟದ ವಿರಾಮಕ್ಕೂ ಮುಂಚೆ, ನಗುಮೊಗದಿಂದ ತಿರಸ್ಕರಿಸಿ ಪತ್ರವನ್ನು ಅಂಚೆಗೆ ಹಾಕತಕ್ಕದ್ದು. ತಿರಸ್ಕರಿಸಲು ತಡಮಾಡಿ ವಿದ್ಯಾರ್ಥಿಗಳಿಗೆ ತೊಂದರೆ ಕೊಡುವ ಸಿಬ್ಬಂದಿಯ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು.

8. ತಿರಸ್ಕಾರ ಪತ್ರದಲ್ಲಿ ಹೆಸರಿನ ಕಾಗುಣಿತ ತಪ್ಪಿದರೆ, ಕ್ಷಮೆ ಕೋರಿ ಮತ್ತೊಮ್ಮೆ ಸರಿಯಾಗಿ ತಿರಸ್ಕರಿಸುವುದು.

ಸಹಿ/-
ಅಧೀಕ್ಷಕರು
ಗ್ರಾಹಕರ ಸಾಲು, ಕುರ್ಚಿ ಮತ್ತು ಟೋಕನ್ ನಿರ್ವಹಣಾ ವಿಭಾಗ
(ಸಹಿಯ ಮೇಲಿನ ಜಿಡ್ಡಿನ ಕಲೆಯನ್ನು ಸಹಿಯ ಭಾಗವೆಂದೇ ಪರಿಗಣಿಸತಕ್ಕದ್ದು.)

ಪ್ರತಿಗಳು:
1. ವ್ಯವಸ್ಥಾಪಕರಿಗೆ, ಕೂತು ಓದಲು.
2. ಕೌಂಟರ್ ಮೂರಕ್ಕೆ, ಅಗತ್ಯ ತಿರಸ್ಕಾರ ಕ್ರಮಕ್ಕಾಗಿ.
3. ಟೋಕನ್ 29ರ ಗ್ರಾಹಕರಿಗೆ, ಎಚ್ಚರಿಕೆಯಾಗಿ.
4. ಕುಮಾರಿ ಮೆಲೆನಾಯ್ತೆ ಫಿಫಿತಾ ಅವರಿಗೆ, ಪೂರ್ತಿ ಹೆಸರು, ಮನೆ ನಂಬರು ಮತ್ತು ಮೊಹರು ಸಮೇತ ಅಂಚೆಯ ಮೂಲಕ. ಸಿಮ್ ಕಾರ್ಡು, ಬಸ್ ಪಾಸು ಹಾಗೂ ಗ್ರಂಥಾಲಯದವರು ವಿಳಾಸದ ಪುರಾವೆ ಕೇಳಿದಲ್ಲಿ ಇದನ್ನೇ ತೋರಿಸಬಹುದು.