ಪಂಜದ ಅಜ್ಜನ ವೀಲುನಾಮೆ ಮತ್ತು ಎರಡು ಸೌಟು ಪಾಯಸ

ಪುತ್ತೂರಿನಲ್ಲಿ ವಕೀಲಿಕೆಗೆ ಕೂತ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಗಂಡ ಹೆಂಡತಿ ಜಗಳಕ್ಕೆ ಬಂದವರು ಅಳುತ್ತಾರೆ, ಗಡಿ ತಕರಾರಿಗೆ ಬಂದವರು ಬೈಯುತ್ತಾರೆ, ವೀಲುನಾಮೆ, ಅಂದರೆ ಉಯಿಲು, ಬರೆಸಲು ಬಂದ ಹಿರಿಯರು ಮಾತ್ರ ನನ್ನನ್ನು ನಗಿಸಿಯೇ ಹೋಗುತ್ತಾರೆ. ಆಗಾಗ ಇಂಥವರೊಬ್ಬರು ಮೆಟ್ಟಿಲು ಹತ್ತಿ ಬರುತ್ತಲೇ ಇರುತ್ತಾರೆ. ಆದರೆ ಪಂಜದ ಅಜ್ಜನನ್ನು ಮೀರಿಸುವವರು ಇನ್ನೂ ಬಂದಿಲ್ಲ. ಒಂದು ಕಾಲದಲ್ಲಿ ಕಡಬ, ಪಂಜದ ದಾರಿಯಲ್ಲಿ ಜನ ಸಾಗಿಸುವ ಸರ್ವಿಸ್ ಜೀಪು ಓಡಿಸಿ, ಆ ಸಂಪಾದನೆಯಲ್ಲಿ ರಬ್ಬರ್ ತೋಟ ಮಾಡಿದವರು. ಒಬ್ಬ ಮಗ, ಒಬ್ಬಳು ಮಗಳು. ಎಂಬತ್ತು ದಾಟಿದರೂ ಹಲ್ಲು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ.

ಸಾಕ್ಷಿಗಳು

ಮೊದಲ ದಿನವೇ ಅಜ್ಜ ಅಜ್ಜಿಯ ಜೊತೆಗೆ ಇಬ್ಬರು ಸಾಕ್ಷಿಗಳನ್ನೂ ಹೊರಡಿಸಿಕೊಂಡು ಬಂದಿದ್ದರು. ಸಾಕ್ಷಿಗಳು ನನ್ನ ಕಚೇರಿಯ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ನಾನು ಒಂದು ಚಾ ಕುಡಿದು ಮುಗಿಸಿದ್ದೆ. ಇಬ್ಬರೂ ಅಜ್ಜನಿಗಿಂತ ಹಿರಿಯರು. ಒಬ್ಬರಿಗೆ ಕಿವಿ ಕೇಳಿಸದು, ಇನ್ನೊಬ್ಬರಿಗೆ ಕಣ್ಣು ಅಷ್ಟಕ್ಕಷ್ಟೆ.

ಮುಂದೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿಗಳು ಅಜ್ಜನ ಕಾಲಾನಂತರ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ಹಾಗಾಗಿ ಸಣ್ಣ ಪ್ರಾಯದವರಾದರೆ ಒಳ್ಳೆಯದು ಎಂದು ನಯವಾಗಿ ತಿಳಿಸಿದೆ. ಅಜ್ಜ ಒಪ್ಪಲಿಲ್ಲ. ಇವರಿಬ್ಬರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ ಎಂದರು. ಸತ್ಯ ಹೇಳುವುದಕ್ಕೂ ಮನುಷ್ಯ ಬದುಕಿರಬೇಕಲ್ಲ ಎಂದೆ ನಾನು.

ಕಣ್ಣು ಮಂಜಾದ ಸಾಕ್ಷಿ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡು, ಅಜ್ಜನ ತೊಡೆ ತಟ್ಟಿ ಪರಿಹಾರ ಸೂಚಿಸಿದರು: “ಅದಕ್ಕೆಂತ ಮಾರಾಯ, ನೀನೇ ಸ್ವಲ್ಪ ಬೇಗ ಹೊರಟರೆ ಆಯ್ತಲ್ಲ.”

ಡಾಕ್ಟ್ರ ಪರೀಕ್ಷೆ

ಪ್ರಾಯ ಆದವರು ವೀಲುನಾಮೆ ಬರೆಸುವಾಗ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಡಾಕ್ಟ್ರಿಂದ ಒಂದು ಸರ್ಟಿಫಿಕೇಟು ಇಟ್ಟುಕೊಳ್ಳುವುದು ಕ್ಷೇಮ. ಪರಿಚಯದ ಡಾಕ್ಟ್ರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಇವತ್ತು ಯಾವ ವಾರ ಎಂದು ಕೇಳಿದರು. ಇದು ಯಾವ ಊರು ಎಂದು ಕೇಳಿದರು. ಪಕ್ಕದಲ್ಲಿ ಕೂತ ಅಜ್ಜಿಯನ್ನು ತೋರಿಸಿ ಇವರು ಯಾರು ಎಂದೂ ಕೇಳಿದರು. ಅಜ್ಜ ಒಂದಕ್ಕೂ ಉತ್ತರ ಕೊಡದೆ ನನ್ನ ಕಡೆ ತಿರುಗಿ, “ಇವರಿಗೆ ವಾರ ಗೊತ್ತಿಲ್ಲ, ಊರು ಗೊತ್ತಿಲ್ಲ. ಇವರಿಗೆ ಸರ್ಟಿಫಿಕೇಟು ಕೊಡುದು ಯಾರು?” ಎಂದರು.

ಡಾಕ್ಟ್ರು ಪಾಪ, ಕೊನೆಗೆ ಅಜ್ಜಿಯನ್ನೇ ಹಿಡಿದರು. ಮನೆಯಲ್ಲಿ ಇವರಿಗೆ ಮರೆವು ಏನಾದರೂ ಉಂಟೋ ಎಂದು ವಿಚಾರಿಸಿದರು.

ಅಜ್ಜಿ ನಿಟ್ಟುಸಿರು ಬಿಟ್ಟರು. “ಮದುವೆಯಾದ ವರ್ಷ ಸಾರಿಗೆ ಉಪ್ಪು ಹಾಕ್ಲಿಕ್ಕೆ ಬಿಟ್ಟುಹೋದದ್ದನ್ನು ಇವತ್ತಿಗೂ ಹೇಳ್ತಾರೆ. ಸ್ವಲ್ಪ ಮರೆವು ಬರುವ ಮದ್ದು ಉಂಟಾ ಡಾಕ್ಟ್ರೆ?”

ಏಳನೇ ಕಲಮು

ಆಸ್ತಿಯ ವಿಷಯ ಅರ್ಧ ಗಂಟೆಯಲ್ಲಿ ಮುಗಿಯಿತು. ಅಜ್ಜಿ ಇರುವವರೆಗೆ ಮನೆ ಅಜ್ಜಿಯದ್ದು, ಅವಳನ್ನು ಯಾರೂ ಏಳು ಎನ್ನುವ ಹಾಗಿಲ್ಲ. ತೋಟ ಮಗನಿಗೂ ಮಗಳಿಗೂ ಸಮಪಾಲು. ಇಷ್ಟಕ್ಕೆ ಆರು ಕಲಮು ಸಾಕಾಯಿತು. ಅಜ್ಜನ ನಿಜವಾದ ಚಿಂತೆ ಇದ್ದದ್ದು ಏಳನೆಯದರಲ್ಲಿ. ಅದು ಅವರ ಬೊಜ್ಜದ್ದು, ಅಂದರೆ ಸತ್ತ ಮೇಲೆ ಊರವರನ್ನು ಕರೆದು ಹಾಕುವ ಊಟದ್ದು.

ಆಗಷ್ಟೆ ಅವರು ಕಡಬದ ಕಡೆ ಒಂದು ಬೊಜ್ಜಕ್ಕೆ ಹೋಗಿ ಬಂದಿದ್ದರು. ಅಲ್ಲಿ ಕೇಟರಿಂಗಿನವರು ಗೋಬಿ ಮಂಚೂರಿ ಬಡಿಸಿದ್ದರಂತೆ. ಸತ್ತವನ ಗುಣದ ಬಗ್ಗೆ ಒಬ್ಬರೂ ಮಾತಾಡಲಿಲ್ಲವಂತೆ, ಎಲ್ಲರೂ ಗೋಬಿಯ ಸುದ್ದಿಯೇ. ಅದೇ ಕೇಟರಿಂಗಿನವನು ಅಜ್ಜನ ಮಗನಿಗೆ ಜೀವದ ಗೆಳೆಯ. ಅಲ್ಲಿಂದ ಅಜ್ಜನಿಗೆ ನಿದ್ದೆ ಇಲ್ಲ.

ಆದ್ದರಿಂದ ಬಾಳೆ ಎಲೆಯೇ ಆಗಬೇಕು, ಸೌತೆಕಾಯಿ ಹುಳಿ, ಹೆಸರುಬೇಳೆ ಪಾಯಸ ಇರಬೇಕು, ಊರಿನ ಹಳೆಯ ಅಡುಗೆಯವರೇ ಮಾಡಬೇಕು ಎಂದೆಲ್ಲ ಬರೆಸಿದರು. ತೀರಿಹೋದವರು ಬಂದು ಉಣ್ಣಲಿ ಎಂದು ಒಳಕೋಣೆಯಲ್ಲಿ ಎಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದು ಬರುವ ಕ್ರಮ ಅವರ ಮನೆಯಲ್ಲಿತ್ತು. ಆ ಎಲೆಗೆ ಪಾಯಸ ಎರಡು ಸೌಟು ಎಂದೂ ಸೇರಿಸಿದರು.

ಕಾನೂನು ಪಾಯಸದ ತಂಟೆಗೆ ಹೋಗುವುದಿಲ್ಲ ಎಂದು ಹೇಳಹೊರಟೆ. ಅಜ್ಜನ ದನಿ ಸಣ್ಣದಾಯಿತು. “ನನ್ನ ಜೀಪಲ್ಲಿ ನೇತಾಡಿಕೊಂಡು ಹೋದವರಿಗೆಲ್ಲ ಒಂದು ದಿನ ಕೂರಿಸಿ ಹೊಟ್ಟೆ ತುಂಬ ಬಡಿಸ್ಬೇಕು ವಕೀಲ್ರೆ. ಅದೊಂದು ಆಸೆ.” ಒಂದಕ್ಷರ ಬಿಡದೆ ಬರೆದೆ.

ಎಲ್ಲ ಓದಿ ಹೇಳಿದ ಮೇಲೆ ಅಜ್ಜಿ ಒಂದೇ ಪ್ರಶ್ನೆ ಕೇಳಿದರು: ಈ ವೀಲನ್ನು ತೆಗೆದು ಓದುವುದು ಯಾವಾಗ? ಸಾಮಾನ್ಯವಾಗಿ ಬೊಜ್ಜ ಕಳೆದ ಮೇಲೆ, ಎಲ್ಲರೂ ಕೂತು ಓದುತ್ತಾರೆ ಎಂದೆ.

ಅಜ್ಜಿ ತಲೆ ಆಡಿಸಿದರು. “ಹಾಗಾದ್ರೆ ಗೋಬಿ ತಿಂದಾದ ಮೇಲೆ.”

ಒಳಕೋಣೆ

ನಾಲ್ಕನೇ ದಿನ ನನಗೆ ಅಜ್ಜನ ಫೋನು ಬಂತು. ಸತ್ತ ಮೇಲೆ ಯಾರನ್ನೂ ನಂಬುವ ಹಾಗಿಲ್ಲ, ಊಟವನ್ನು ಈಗಲೇ ಹಾಕುತ್ತೇನೆ, ಆದಿತ್ಯವಾರ ಬರಬೇಕು ಎಂದು ಅಪ್ಪಣೆಯಾಯಿತು.

ಹೋದೆ. ಜೀಪಿನ ಕಾಲದವರೆಲ್ಲ ಬಂದಿದ್ದರು. ಯಾವ ಮುಖ ಹೊತ್ತು ಬರುವುದೆಂದು ಗೊತ್ತಾಗದೆ ಅರ್ಧ ನಗು, ಅರ್ಧ ಗಂಭೀರ. ಸುದ್ದಿ ಸರಿಯಾಗಿ ತಿಳಿಯದ ಒಬ್ಬರು ಗೇಟಿನಲ್ಲೇ ಅಳು ತೆಗೆದರು. ಅಜ್ಜನೇ ಹೋಗಿ ಸಮಾಧಾನ ಮಾಡಿ, ಕೈಕಾಲು ತೊಳೆಯಲು ನೀರು ಕೊಟ್ಟು ಒಳಗೆ ಕರೆತಂದರು. ಮಗ ಪಂಚೆ ಎತ್ತಿ ಕಟ್ಟಿ ಬಡಿಸುತ್ತಿದ್ದ. ಗೋಬಿಯ ವಾಸನೆಯೂ ಇರಲಿಲ್ಲ. ಪ್ರತಿ ಎಲೆಯ ಮುಂದೆಯೂ ಅಜ್ಜನ ಜೀಪಿನದ್ದೇ ಕತೆ. ಅಜ್ಜ ಸಾಲಿನುದ್ದಕ್ಕೂ ಓಡಾಡಿ ಪಾಯಸಕ್ಕೆ ಒತ್ತಾಯ ಮಾಡುತ್ತಿದ್ದರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿರಲಿಲ್ಲ.

ಕೊನೆಯ ಪಂಕ್ತಿಗೆ ಮನೆಯವರು ಕೂರುವಾಗ ನೋಡಿದರೆ ಅಜ್ಜನೇ ಇಲ್ಲ. ಕೊಟ್ಟಿಗೆ ನೋಡಿದರು, ಬಾವಿಕಟ್ಟೆ ನೋಡಿದರು. ಮಗಳು ಅಪ್ಪಾ ಎಂದು ಕೂಗುತ್ತ ಅಂಗಳಕ್ಕೆ ಓಡಿದಳು. ಇಂಥ ದಿನ, ಇಂಥ ಊಟ, ಅಪ್ಪ ನಿಜವಾಗಿಯೂ ಹೊರಟೇಹೋದರೋ ಎಂದು ಎಲ್ಲರಿಗೂ ಹೆದರಿಕೆ.

ಆಗ ಅಡುಗೆಯವರು ಮೆಲ್ಲಗೆ ಹೇಳಿದರು. ಎಲ್ಲ ಬೊಜ್ಜದ ಕ್ರಮದಲ್ಲೇ ಆಗಬೇಕು ಎಂದು ಅಜ್ಜ ಹೇಳಿದ್ದರಂತೆ. ಕೈಗೆ ಬಂದ ಅಭ್ಯಾಸದಲ್ಲಿ ಇವರು ಒಳಕೋಣೆಯಲ್ಲಿ ಎಲೆ ಹಾಕಿ, ಎರಡು ಸೌಟು ಪಾಯಸ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದು ಬಂದಿದ್ದರು.

ಅಜ್ಜಿ ಹೋಗಿ ಬಾಗಿಲು ದೂಡಿದರು. ದೀಪದ ಎದುರು ಅಜ್ಜ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಲೆ ತೊಳೆದಿಟ್ಟಷ್ಟು ಖಾಲಿ. ಇಂಥ ಎಲೆ ಎಷ್ಟೋ ಬಡಿಸಿದ್ದೇನೆ, ಖಾಲಿಯಾದದ್ದು ಇದೇ ಮೊದಲು ಎಂದು ಅಡುಗೆಯವರು ಎಲೆಯನ್ನೇ ಬಗ್ಗಿ ನೋಡಿದರು.

ಅಜ್ಜ ಬೆರಳು ನೆಕ್ಕಿ ಅವರತ್ತ ನೋಡಿದರು. “ಪಾಯಸ ಒಳ್ಳೆದಾಗಿದೆ. ಹುಳಿಗೆ ಮಾತ್ರ ಉಪ್ಪು ಸ್ವಲ್ಪ ಜಾಸ್ತಿ. ಮುಂದಿನ ಸಲದ ನನ್ನ ಬೊಜ್ಜಕ್ಕೆ ನೋಡಿ ಹಾಕಿ.”